ದರೆ ಮೇಲಿನ ಓಟಿಪಿ

ಅಪ್ಪಯ್ಯಾ,

ನಾನು ಬಾಳಗಡಿ ಕಾಲೇಜಿಗೆ ಹೊರಟೆ. ಕಡುಬು ಒಲೆ ಪಕ್ಕ ಮುಚ್ಚಿಟ್ಟಿದ್ದೇನೆ, ಬಿಸಿ ಆರುವ ಮೊದಲೇ ತಿನ್ನಿ.

ಬ್ಯಾಂಕಿನವರು ಹೇಳಿದ ಸೆಕ್ಯುರಿಟಿ ಸಾಫ್ಟ್‌ವೇರನ್ನು ಕಂಪ್ಯೂಟರಿಗೆ ಹಾಕಿದ್ದೇನೆ. ಅದು ಎಂಥ ಕಳ್ಳನನ್ನೂ ತಡೆಯುತ್ತದಂತೆ. ನಿಮ್ಮ ಗಂಟಲನ್ನು ತಡೆಯುವುದಿಲ್ಲ ಮಾರಾಯ್ರೆ!

ನೆಟ್‌ವರ್ಕ್ ಸಿಗುವುದು ಹಿತ್ತಲ ದರೆಯ ಮೇಲೆ, ಆ ಮಣ್ಣುದಿಬ್ಬದ ತುದಿಯಲ್ಲಿ ಮಾತ್ರ, ಒಪ್ಪಿದೆ. ಹಾಗಂತ ಫೋನಿಗೆ ಬಂದ ಓಟಿಪಿಯನ್ನು ಅಲ್ಲಿಂದಲೇ ಒಳಗೆ ಕಂಪ್ಯೂಟರಿನ ಮುಂದೆ ಕೂತ ಅಮ್ಮನಿಗೆ ಕೂಗಿ ಹೇಳಬೇಡಿ. ಫೋನ್ ಹಿಡಿದುಕೊಂಡು ಇಳಿದು ಬನ್ನಿ.

ನಿನ್ನೆ ಆಚೆಮನೆ ರಾಧಮ್ಮ ಬೇಲಿ ಹತ್ತಿರ ನಿಂತು, "ನಿಮ್ಮಮ್ಮಂಗೆ ಸರಿ ಕೇಳ್ಲಿಲ್ಲ ಕಾಣ್ತದೆ ಕೂಸೇ, ಕೊನೇದು ಏಳಲ್ಲ, ಒಂಬತ್ತು" ಅಂದರು.

ಪಾಸ್‌ವರ್ಡನ್ನೂ ಬದಲಾಯಿಸಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನೀವು ಪೇಪರನ್ನೇ ಊರಿಗೆಲ್ಲ ಕೇಳುವ ಹಾಗೆ ಓದುವವರು. ಸಂಜೆ ಬಂದು ಕಿವಿಯಲ್ಲಿ ಹೇಳುತ್ತೇನೆ.

ಈ ಚೀಟಿಯನ್ನಾದರೂ ಮನಸ್ಸಿನಲ್ಲೇ ಓದಿ.

ಸೌಂದರ್ಯಾ