ನೀಲಿ ಅಂಚಿನ ತಟ್ಟೆ

ಹಾಸ್ಟೆಲ್, ಮೂರನೇ ಮಹಡಿ, ಕಿಟಕಿ ಪಕ್ಕದ ಮಂಚ
ಮಾರ್ಚ್ 9, ಭಾನುವಾರ, ತಿಂಡಿ ಮುಗಿದ ಮೇಲೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕಾರ್ಖಾನೆಯ ಆ ತಣ್ಣನೆ ಕೋಣೆಯಲ್ಲಿ ದಿನವಿಡೀ ಮಿಠಾಯಿ ರುಚಿ ನೋಡಿ ನೋಡಿ ಹಲ್ಲು ಜುಮ್ಮೆನ್ನುತ್ತದೆ ಎಂದಿದ್ದೆಯಲ್ಲ, ಕಡಿಮೆಯಾಯಿತಾ? ಹಲ್ಲಿನ ಡಾಕ್ಟರ ಹತ್ತಿರ ಹೋಗು ಎಂದು ನಾನು ಹೇಳಿ ಎರಡು ತಿಂಗಳಾಯಿತು. ನೀನು ಹೋಗಿರುವುದಿಲ್ಲ, ನನಗೆ ಗೊತ್ತು. ನಾನಂತೂ ಗುಂಡುಕಲ್ಲಿನ ಹಾಗಿದ್ದೇನೆ. ಫೋನ್ ಬಿಟ್ಟು ಕಾಗದ ಯಾಕೆ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ‘ಅಪ್ಪ’ ಎಂದ ಕೂಡಲೇ ನಿನಗೆ ಯಾವುದೋ ಮೀಟಿಂಗ್ ನೆನಪಾಗುತ್ತದೆ, ‘ಆಮೇಲೆ ಮಾಡ್ತೀನಿ ಕಣೇ’ ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಡಲಾಗುವುದಿಲ್ಲ. ಇಟ್ಟರೂ ಅದು ಮೇಜಿನ ಮೇಲೆ ಕೂತು ನಿನ್ನನ್ನೇ ನೋಡುತ್ತಿರುತ್ತದೆ.

ಹೇಳಲು ಎಷ್ಟೊಂದಿದೆ ಎಂದರೆ ಯಾವುದನ್ನು ಮೊದಲು ಹೇಳಲಿ ಎಂದು ಕೈ ತಡವರಿಸುತ್ತಿದೆ. ನಮ್ಮ ಮೆಸ್ಸಿನ ಅಡುಗೆಯವರನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತೇವೆ. ಅವರು ಗುರುವಾರ ಇಡೀ ಇಡೀ ಹೂಕೋಸಿಗೆ ಬೆಣ್ಣೆ, ಬೆಳ್ಳುಳ್ಳಿ ಸವರಿ, ಮೇಲೆಲ್ಲ ಕೆಂಪಗಾಗುವವರೆಗೆ ಸುಟ್ಟು ತಂದಿಟ್ಟರು. ಅಕ್ಕಾ, ಚಾಕು ತಾಗಿಸಿದರೆ ಸಾಕು, ತಾನಾಗಿಯೇ ಬಿಚ್ಚಿಕೊಳ್ಳುತ್ತಿತ್ತು! ನನ್ನ ಕೋಣೆಯ ಗೆಳತಿ ಇದ್ದಾಳಲ್ಲ, ಕಾಲೇಜಿಗೆ ಸೇರಿದ ದಿನದಿಂದ ನನ್ನನ್ನು ‘ಹುಲ್ಲು ತಿನ್ನೋಳು’ ಎಂದು ಆಡಿಕೊಳ್ಳುವವಳು, ಅವಳೇ ಮೂರು ಸಲ ಬಡಿಸಿಕೊಂಡು ತಟ್ಟೆಯನ್ನೂ ನೆಕ್ಕಿದಳು. ನಾನು ಬರೀ ನೋಡುತ್ತಾ ಕೂತೆ. ಇನ್ನು ಸಿನಿಮಾ. ಕಾಲೇಜಿನ ಹಿಂದಿನ ಹಳೇ ಟಾಕೀಸಿನಲ್ಲಿ ಬೆಳಗಿನ ಆಟಕ್ಕೆ ನಮಗೆ ಅರ್ಧ ಟಿಕೆಟ್. ಸೀಟಿನ ಸ್ಪ್ರಿಂಗು ಚುಚ್ಚುತ್ತದೆ, ಫ್ಯಾನು ಕಿರುಗುಡುತ್ತದೆ, ನನಗೆ ಅದೇ ಸ್ವರ್ಗ. ಈ ವಾರ ಮೂರು ನೋಡಿದೆ. ಒಂದರಲ್ಲಂತೂ ಮುದುಕನೊಬ್ಬ ಹೆಂಡತಿಗೆ ಕಿತ್ತಳೆ ಸುಲಿದು, ಬೀಜ ತೆಗೆದು ಒಂದೊಂದೇ ತೊಳೆ ಕೊಡುವುದಷ್ಟೇ ಕೊನೆಯ ದೃಶ್ಯ. ನಾನು ಬಿಕ್ಕಿ ಬಿಕ್ಕಿ ಅತ್ತೆ, ಮಾರನೆಯ ದಿನ ಮತ್ತೆ ಹೋಗಿ ಮತ್ತೆ ಅತ್ತೆ. ಟಿಕೆಟ್ ಹರಿಯುವವರಿಗೂ ಈಗ ನನ್ನ ಗುರುತು ಸಿಕ್ಕಿಬಿಟ್ಟಿದೆ, ‘ಕರ್ಚೀಫ್ ತಂದಿದ್ದೀಯೇನಮ್ಮ?’ ಎಂದು ಕೇಳಿಯೇ ಒಳಗೆ ಬಿಡುತ್ತಾರೆ.

ಈಗ ದೊಡ್ಡ ಸುದ್ದಿ. ನಾನೂ ಒಂದು ಸಿನಿಮಾ ಮಾಡಿದೆ! ನಗಬೇಡ, ನಾಲ್ಕೇ ನಿಮಿಷದ್ದು. ನಮ್ಮ ಫಿಲ್ಮ್ ಕ್ಲಬ್ಬಿನ ಮೇಷ್ಟ್ರು, ಯಾರಾದರೂ ಒಬ್ಬರು ಕೆಲಸ ಮಾಡುವುದನ್ನು ಮಾತಿಲ್ಲದೆ ತೋರಿಸಿ ಎಂದಿದ್ದರು. ಬೇರೆಯವರೆಲ್ಲ ಟೈಲರು, ಕ್ಷೌರಿಕರು ಎಂದು ಓಡಾಡುತ್ತಿದ್ದರೆ ನನಗೆ ಹುಡುಕುವ ಕಷ್ಟವೇ ಇರಲಿಲ್ಲ, ಮನೆಯಲ್ಲೇ ಮಿಠಾಯಿ ಮಾಡುವವನಿದ್ದಾನಲ್ಲ. ಕ್ಲಬ್ಬಿನ ಕ್ಯಾಮೆರಾ ಹೊತ್ತು ಬಸ್ ಹತ್ತಿ ಮನೆಗೆ ಹೋದೆ. ಅಪ್ಪ ಮೊದಲು ಒಪ್ಪಲಿಲ್ಲ. ‘ನನ್ನ ಮುಖ ಯಾರು ನೋಡ್ತಾರೆ, ಬೇಕಾದ್ರೆ ಬಾಣಲೆ ತಗೋ’ ಅಂದ. ಸರಿ ಎಂದು ಕ್ಯಾಮೆರಾವನ್ನು ಸಕ್ಕರೆ ಮೂಟೆಯ ಮೇಲೆ ಇಟ್ಟೆ. ಪಾಕವನ್ನು ಎರಡು ಬೆರಳ ನಡುವೆ ಎಳೆದು ನೋಡುವುದು, ಬಾದಾಮಿ ಸುರಿಯುವುದು, ಹರಡುವುದು, ದಾರ ಹಿಡಿದ ಹಾಗೆ ನೇರವಾಗಿ ಬಿಲ್ಲೆ ಕತ್ತರಿಸುವುದು, ಎಲ್ಲವೂ ಸಿಕ್ಕಿತು. ಆಮೇಲೆ ನಾನು ಮಾಡಿದ ಘನಕಾರ್ಯ ಕೇಳು. ಮುಂದಿನ ಕೋಣೆಯಿಂದ ಅಮ್ಮ ‘ಬಾಣಲೆ ಕೆರೆದಿದ್ದೀನಿ, ಬೇಕಾ?’ ಎಂದು ಕೂಗಿದಳು. ಬಾಣಲೆಯ ತಳದ ಕೆಂಪು ಗಸಿ ಎಂದರೆ ನನ್ನ ಪ್ರಾಣ ನಿನಗೆ ಗೊತ್ತೇ ಇದೆ. ಎದ್ದುಬಿದ್ದು ಓಡಿದೆ. ಕ್ಯಾಮೆರಾ ಆರಿಸುವುದನ್ನೇ ಮರೆತೆ.

ಹಾಸ್ಟೆಲಿಗೆ ಬಂದು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ ನೋಡುವಾಗ ಆ ಮರೆತ ಚೂರು ಕಂಡಿತು. ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದು ತಾನು ಮಾಡಿದ್ದನ್ನು ತಾನೇ ತಿನ್ನುವ ಹಾಗಿಲ್ಲ ಎಂದಾದ ಮೇಲೆ ನಮ್ಮ ಮನೆಯಲ್ಲೊಂದು ನಿಯಮ ಇತ್ತಲ್ಲ. ಪ್ರತಿ ಟ್ರೇಯಿಂದ ಒಂದು ಚೂರು ನೀಲಿ ಅಂಚಿನ ತಟ್ಟೆಗೆ. ನೀನು ಕಲ್ಲಿನ ಕಟ್ಟೆಯ ತುದಿಯಲ್ಲಿ ಹಿಟ್ಟಿನ ಡಬ್ಬ ಬೋರಲು ಹಾಕಿಕೊಂಡು ಕೂತು, ತಿಂದು, ತಲೆಯಾಡಿಸಬೇಕು. ಆಮೇಲೆಯೇ ಟ್ರೇ ಅಂಗಡಿಯ ಗಾಜಿನ ಪೆಟ್ಟಿಗೆಗೆ. ನೀನು ಹೋದ ಮೇಲೆ ಆ ಕೆಲಸಕ್ಕೆ ನನ್ನನ್ನು ಹಾಕಿ ನೋಡಿದರು. ಎಲ್ಲದಕ್ಕೂ ‘ಸೂಪರ್’ ಅಂದೆನೆಂದು ಎರಡೇ ದಿನಕ್ಕೆ ಕೆಲಸದಿಂದ ತೆಗೆದರು. ಈಗ ಅಮ್ಮ ನೋಡುತ್ತಾಳೆ ಎಂದುಕೊಂಡಿದ್ದೆ. ಅಕ್ಕಾ, ಯಾರೂ ನೋಡುವುದಿಲ್ಲ. ಅಪ್ಪ ಒಬ್ಬನೇ ನಿಂತು ತಟ್ಟೆಯನ್ನು ಒರೆಸುತ್ತಾನೆ. ಒಂದು ಚೂರು ಇಡುತ್ತಾನೆ. ನಿನ್ನ ಡಬ್ಬ ಈಗಲೂ ಅಲ್ಲೇ ಬೋರಲಾಗಿದೆ, ತಟ್ಟೆಯನ್ನು ಅದರ ಮುಂದಕ್ಕೆ ಸರಿಸಿ, ಕೈಕಟ್ಟಿ ಕಾಯುತ್ತಾನೆ. ಒಬ್ಬರು ಅಗಿದು ನುಂಗುವಷ್ಟು ಹೊತ್ತು. ಆಮೇಲೆ ತಾನೇ ತಲೆಯಾಡಿಸುತ್ತಾನೆ, ಬಲಕ್ಕೆ ಸ್ವಲ್ಪ ವಾಲಿಸಿ, ಒಂದೇ ಸಲ, ಥೇಟ್ ನಿನ್ನ ಹಾಗೆ. ಆಮೇಲೆ ಟ್ರೇ ಎತ್ತಿಕೊಂಡು ಹೋಗುತ್ತಾನೆ.

ಎರಡು ವರ್ಷದ ಹಿಂದೆ ಅವನು ಆಡಿದ ಮಾತು ನನಗೂ ಮರೆತಿಲ್ಲ. ನಿನ್ನ ಕಾರ್ಖಾನೆಯ ಮೆತ್ತನೆ ಮಿಠಾಯಿಗೆ ಎಲುಬಿನ ಅಂಟು, ಅದೇ ಜೆಲಟಿನ್, ಹಾಕುತ್ತಾರೆ ಎಂದು ತಿಳಿದ ದಿನ, ‘ಅದನ್ನ ನೆಕ್ಕೋ ನಾಲಿಗೆ ನನ್ನ ಪಾಕ ಮುಟ್ಟೋದು ಬೇಡ’ ಅಂದ. ನೀನು ಚೀಲ ತೆಗೆದುಕೊಂಡು ಹೊರಟೆ. ನಾನೂ ಪೊಟ್ಟಣದ ಹಿಂದಿನ ಅಕ್ಷರ ಓದದೆ ಏನನ್ನೂ ಬಾಯಿಗೆ ಹಾಕದವಳೇ, ನಿಮ್ಮ ಕಾರ್ಖಾನೆಯ ಮಿಠಾಯಿಯನ್ನು ನಾನೂ ತಿನ್ನುವುದಿಲ್ಲ. ಆದರೆ ಅದು ಮಿಠಾಯಿಯ ಮಾತು, ನಿನ್ನ ಮಾತಲ್ಲ. ಅವತ್ತು ಅಪ್ಪ ಆಡಿದ್ದು ತಪ್ಪು. ಅದನ್ನು ಅವತ್ತೇ ಹೇಳದೆ ಬಾಗಿಲ ಹಿಂದೆ ನಿಂತಿದ್ದದ್ದು ನನ್ನ ತಪ್ಪು.

ನಾನು ಆ ಚೂರನ್ನು ಕತ್ತರಿಸಿ ಹಾಕಲು ಹೊರಟಿದ್ದೆ. ಮೇಷ್ಟ್ರು ನೋಡಿ, ‘ಇದೇ ನಿನ್ನ ಸಿನಿಮಾ, ಬೇಕಿದ್ರೆ ಉಳಿದದ್ದನ್ನ ಕತ್ತರಿಸು’ ಅಂದರು. ಶುಕ್ರವಾರ ಸಂಜೆ ಕಾಲೇಜಿನ ಸಭಾಂಗಣದಲ್ಲಿ ತೋರಿಸಿದೆವು. ಅಪ್ಪ ಇಸ್ತ್ರಿ ಶರ್ಟ್ ಹಾಕಿಕೊಂಡು ಬಂದಿದ್ದ, ಅಮ್ಮ ಪಕ್ಕದಲ್ಲಿ. ಪಾಕ ಎಳೆಯುವಾಗ ಹುಡುಗಿಯರೆಲ್ಲ ‘ಅಬ್ಬಾ’ ಅಂದರು, ಅಪ್ಪನ ಎದೆ ಉಬ್ಬಿದ್ದು ಕತ್ತಲಲ್ಲೂ ಕಂಡಿತು. ತಟ್ಟೆ ಬಂದಾಗ ಅಪ್ಪ ಎದ್ದು, ‘ಕೈ ತೊಳೆದು ಬರ್ತೀನಿ’ ಅಂದ. ಕೈ ಶುಭ್ರವಾಗಿಯೇ ಇತ್ತು. ಅಮ್ಮ ನನ್ನ ಮೊಣಕೈ ಹಿಡಿದು, ‘ದಿನಾ ಹೀಗೇ ಕಣೇ, ನಾನು ನೋಡದವಳ ಹಾಗೆ ಇರ್ತೀನಿ’ ಅಂದಳು. ಅಪ್ಪ ವಾಪಸು ಬಂದು ನನ್ನ ಬೆನ್ನು ತಟ್ಟಿ ಬಸ್ ಹತ್ತಿದ. ನನಗೆ ಮೊದಲ ಬಹುಮಾನ ಬಂತು, ಖುಷಿಗೆ ಮೂರು ಐಸ್‌ಕ್ರೀಮ್ ತಿಂದೆ. ಸಿನಿಮಾ ನಿನಗೆ ಕಳಿಸಲಾ? ನೀನು ಬೇಡವೆಂದರೆ ಕಳಿಸುವುದಿಲ್ಲ.

ಹಲ್ಲು ನೋಡಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು, ಬರೀ ಬ್ರೆಡ್ಡಿನಲ್ಲಿ ದಿನ ದೂಡಬೇಡ. ಗೆಳತಿಯೂ ನಿನ್ನನ್ನು ಕೇಳಿದ್ದಾಳೆ, ಹೂಕೋಸಿನ ವಿಷಯ ಬರೆಯಬೇಡ ಎಂದಳು, ಬರೆದಾಯಿತು.

ನಿನ್ನ ತಿಂಡಿಪೋತಿ ತಂಗಿ

ಮರೆತ ಮಾತು: ಅಕ್ಕಾ, ಲಕೋಟೆ ಅಂಟಿಸುವಷ್ಟರಲ್ಲಿ ವಾಚ್‌ಮನ್ ಕೂಗಿದರು. ಗೇಟಿನಲ್ಲಿ ಅಪ್ಪ! ಭಾನುವಾರ, ವ್ಯಾಪಾರದ ದಿನ, ಅಂಗಡಿ ಬಿಟ್ಟು ಬಂದಿದ್ದಾನೆ. ದಾರ ಕಟ್ಟಿದ ಚಿಕ್ಕ ಡಬ್ಬಿಯೊಂದನ್ನು ನನ್ನ ಕೈಗಿಟ್ಟು, ‘ಏಲಕ್ಕಿ ಜಾಸ್ತಿ ಆಯ್ತೇನೋ, ಅವಳನ್ನ ಕೇಳು’ ಅಂದ. ನಾನು ಬೇಕೆಂದೇ, ಕಾರ್ಖಾನೆ ನಾಲಿಗೆ ಆಗಬಹುದಾ ಎಂದೆ. ವಾಚ್‌ಮನ್ ಮುಖ ನೋಡುತ್ತಾ ಅಪ್ಪ, ‘ನಾಲಿಗೆ ಅವಳದ್ದೇ ತಾನೆ’ ಅಂದ. ಅದಕ್ಕೇ ಈ ಕಾಗದ ಈಗ ಡಬ್ಬಿಯ ಜೊತೆ ಕೊರಿಯರಿನಲ್ಲಿ ಬರುತ್ತಿದೆ. ಎರಡು ಚೂರಿದ್ದವು, ಈಗ ಒಂದಿದೆ. ನನಗೆ ಸೂಪರ್ ಅನ್ನಿಸಿತು, ಅದು ಲೆಕ್ಕಕ್ಕಿಲ್ಲ. ಫೋನನ್ನು ನನಗೆ ಮಾಡಬೇಡ, ಅಂಗಡಿಗೆ ಮಾಡು, ಅಪ್ಪನೇ ಎತ್ತುತ್ತಾನೆ. ಬೇಗ ತಿನ್ನು. ಗಾಜಿನ ಪೆಟ್ಟಿಗೆ ಖಾಲಿ ಇದೆಯಂತೆ, ಟ್ರೇ ಇನ್ನೂ ಒಳಗೇ ಇದೆ.