ಅರ್ಹಳಲ್ಲ, ಆದರೂ ಮುಂದುವರಿಯತಕ್ಕದ್ದು

ಗೈಡ್ಸ್ ಸಂಸ್ಥೆಯ ಬಾಲಕಿಯರ ವಿಭಾಗದ ಮಾನ್ಯ ಆಯುಕ್ತರೇ,

ನನ್ನನ್ನು ಬಿಟ್ಟುಬಿಡಿ, ಇಲ್ಲವೇ ಸರಿಯಾಗಿ ಕಟ್ಟಿಹಾಕಿ. ಎರಡರಲ್ಲಿ ಒಂದನ್ನೂ ಮಾಡದೆ ನೀವು ಕೂತಿದ್ದೀರಿ ಎಂಬುದೇ ನನ್ನ ದೂರು. ಹೋದ ತಿಂಗಳು ನಿಮ್ಮ ಕಚೇರಿಯಿಂದ ನನಗೊಂದು ಪತ್ರ ಬಂತು. ಅದರಲ್ಲಿದ್ದದ್ದು ಎರಡೇ ವಾಕ್ಯ. ಒಂದು, "ಶಂಕರಪುರಂ ಬುಲ್‌ಬುಲ್ ದಳದ ಪ್ರಭಾರ ನಾಯಕಿಯು ಅರ್ಹರಲ್ಲದ ಕಾರಣ ಮಕ್ಕಳಿಗೆ ಪ್ರತಿಜ್ಞೆ ಬೋಧಿಸುವಂತಿಲ್ಲ." ಅದರ ಬೆನ್ನಿಗೇ ಇನ್ನೊಂದು, "ಬದಲಿ ವ್ಯವಸ್ಥೆ ಆಗುವವರೆಗೆ ಸದರಿಯವರೇ ಮುಂದುವರಿಯತಕ್ಕದ್ದು." ಸದರಿಯವಳು ನಾನು. ಅಡುಗೆಯವಳ ಕೈಗೆ ರುಚಿಯಿಲ್ಲ, ಅವಳು ಒಲೆ ಮುಟ್ಟಕೂಡದು, ಆದರೆ ಅಡುಗೆಮನೆ ಬಿಟ್ಟು ಕದಲಲೂಕೂಡದು ಎಂದು ಯಾವ ಮನೆಯಲ್ಲಾದರೂ ಹೇಳುತ್ತಾರೆಯೇ? ನಿಮ್ಮ ಮನೆಯಲ್ಲಿ ಹೇಳುತ್ತೀರೋ ಏನೋ, ನಾನರಿಯೆ.

ಪತ್ರಿಕೆಯ ಮೂಲಕ ಬರೆಯುತ್ತಿರುವುದಕ್ಕೆ ಬೇಸರಿಸಬೇಡಿ. ನಿಮ್ಮ ಕಚೇರಿಗೆ ಕೊಟ್ಟ ಅರ್ಜಿಗಳು ಎಲ್ಲಿ ಮಲಗಿವೆಯೋ, ಅವನ್ನು ಎಬ್ಬಿಸುವ ಶಕ್ತಿ ನನಗಿಲ್ಲ. ನಾನು ತಿಪಟೂರಿನ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು. ಮದುವೆಯಾಗಿ ಶಂಕರಪುರಂಗೆ ಬಂದೆ. ಯಜಮಾನರು ಶಿವರುದ್ರಪ್ಪನವರಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ. ನನಗೆ ಬೆಳಿಗ್ಗೆ ಸಂಜೆ ಲಿಂಗಪೂಜೆ, ನಡುವೆ ಮನೆ. ನಾಯಕಿಯಾಗಬೇಕೆಂದು ಕನಸಿನಲ್ಲೂ ಅಂದುಕೊಂಡವಳಲ್ಲ.

ಆದದ್ದು ಹೀಗೆ. ನನ್ನ ಮಗಳ ಮಗಳು ಐಶ್ವರ್ಯಳನ್ನು ಬುಲ್‌ಬುಲ್‌ಗೆ ಸೇರಿಸಿದರು. ಇದು ತಿಳಿಯದವರಿಗೆ ಒಂದು ಮಾತು: ಗೈಡ್ಸ್ ಎಂದು ದೊಡ್ಡ ಹುಡುಗಿಯರು ಇರುತ್ತಾರಲ್ಲ, ಅವರಿಗಿಂತ ಚಿಕ್ಕವರು, ಹತ್ತು ತುಂಬದ ಹುಡುಗಿಯರು, ಬುಲ್‌ಬುಲ್‌ಗಳು. ಪ್ರತಿ ಶನಿವಾರ ಮಧ್ಯಾಹ್ನ ನಮ್ಮ ಬಡಾವಣೆಯ ಶಾಲೆಯ ಅಂಗಳದಲ್ಲಿ ಸೇರುತ್ತಾರೆ. ಮಗುವನ್ನು ಬಿಟ್ಟು, ಸಂಪಿಗೆ ಮರದ ಕೆಳಗೆ ಕೂತು ಬತ್ತಿ ಹೊಸೆದು, ಮುಗಿದ ಮೇಲೆ ಕರೆದುಕೊಂಡು ಬರುವುದಷ್ಟೇ ನನ್ನ ಕೆಲಸ. ದಳದ ನಾಯಕಿ ಮಾನಸ ಎಂಬ ಶಿಕ್ಷಕಿ. ಒಳ್ಳೆಯ ಹುಡುಗಿ. ಒಂದು ದಿನ ಬೆಳಿಗ್ಗೆ ಮನೆಗೇ ಬಂದಳು. ನಾನು ಆಗಷ್ಟೇ ಪೂಜೆ ಮುಗಿಸಿ ಎದ್ದಿದ್ದೆ, ಹಣೆಯ ವಿಭೂತಿ ಇನ್ನೂ ಒಣಗಿರಲಿಲ್ಲ.

"ಆಂಟಿ, ನಂಗೆ ವರ್ಗ ಆಗಿದೆ. ಹೊಸಬ್ರು ಬರೋ ತನಕ ಎರಡು ವಾರ ನೀವು ನಿಂತ್ಕೋಬೇಕು."

"ನಂಗೇನಮ್ಮ ಬರುತ್ತೆ?"

"ಏನೂ ಬರ್ಬೇಕಾಗಿಲ್ಲ. ಮಕ್ಕಳು ರೋಡಿಗೆ ಓಡದ ಹಾಗೆ ನೋಡ್ಕೊಂಡ್ರೆ ಸಾಕು."

"ಆಯ್ತು ಹೋಗಮ್ಮ, ನೋಡ್ಕೋತೀನಿ" ಎಂದೆ. ಪೂಜೆಯಿಂದೆದ್ದ ಬಾಯಲ್ಲಿ ಬಂದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ. ಇದು ಮಾನಸಳಿಗೆ ಗೊತ್ತಿದ್ದೇ ಆ ಹೊತ್ತಿಗೆ ಸರಿಯಾಗಿ ಬಂದಳೆಂದು ನನಗೆ ಇವತ್ತಿಗೂ ಅನುಮಾನ. ಆ ಎರಡು ವಾರ ಮುಗಿದಿಲ್ಲ. ನಡುವೆ ಎರಡು ಯುಗಾದಿ ಬಂದು ಹೋದವು. ಐಶ್ವರ್ಯಳಂತೂ "ಬೋರ್ ಆಗುತ್ತೆ ಅಜ್ಜಿ" ಎಂದು ಕೀಬೋರ್ಡ್ ಕ್ಲಾಸಿಗೆ ಹೊರಟುಹೋದಳು. ಯಾರ ಕೈ ಹಿಡಿದು ಒಳಗೆ ಹೋದೆನೋ ಅವಳು ಆಚೆ ಬಂದಳು, ನಾನು ಒಳಗೇ ಉಳಿದೆ.

ಬಿಡಿಸಿಕೊಳ್ಳಲು ಪ್ರಯತ್ನಿಸಲಿಲ್ಲವೇ ಎಂದು ನೀವು ಕೇಳಬಹುದು. ಗಾಂಧಿನಗರದ ನಿಮ್ಮ ಕಚೇರಿಗೆ ಮೆಟ್ಟಿಲುಗಳೆಷ್ಟೆಂದು ನನ್ನ ಮೊಣಕಾಲನ್ನು ಕೇಳಿ, ಹೇಳುತ್ತದೆ. ಒಳಗೆ ಮೇಜಿನ ಹಿಂದೆ ಒಬ್ಬರಿದ್ದಾರೆ, ಮರ್ಯಾದಸ್ಥರು, ಪ್ರತಿ ಸಲವೂ ಕೂರಲು ಹೇಳುತ್ತಾರೆ.

"ಬಿಟ್ಬಿಡ್ತೀನಿ ಸ್ವಾಮಿ" ಎಂದೆ.

"ಹಾಗೆಲ್ಲ ಬಿಡೋಕಾಗಲ್ಲಮ್ಮ. ಲೀಡರ್ ಇಲ್ಲ ಅಂದ್ರೆ ದಳ ರದ್ದಾಗುತ್ತೆ."

"ಹಾಗಾದ್ರೆ ತರಬೇತಿಗೆ ಕಳಿಸಿ, ಕಲೀತೀನಿ."

"ಅದಕ್ಕೆ ಎಸ್ಸೆಸ್ಸೆಲ್ಸಿ ಆಗಿರ್ಬೇಕಲ್ಲ."

"ಬೇರೆಯೋರನ್ನ ಕಳಿಸಿ ಮತ್ತೆ."

"ಯಾರೂ ಬರಲ್ಲಮ್ಮ. ಸಂಬಳ ಇಲ್ದಿರೋ ಕೆಲಸ."

"ಅಲ್ಲ ಸ್ವಾಮಿ, ಬಿಡಂಗಿಲ್ಲ, ಕಲಿಯಂಗಿಲ್ಲ. ಈಗ ನಾನು ಯಾರು ಅಂತ ಹೇಳಿ."

"ಹಾಲಿ ವ್ಯವಸ್ಥೆ ಅಂತ ಇಟ್ಕೊಳ್ಳಿ" ಎಂದರು.

ಮಾನ್ಯರೇ, ಸ್ವಯಂಸೇವಕಿ ಎಂದರೆ ತಾನಾಗಿ ಇಷ್ಟಪಟ್ಟು ಸೇವೆ ಮಾಡುವವಳು ಎಂದು ನಾನು ತಿಳಿದಿದ್ದೆ. ಜೈಲಿನಲ್ಲಿರುವವನಿಗಾದರೂ ಬಿಡುಗಡೆಯ ತಾರೀಕು ಹೇಳಿರುತ್ತಾರೆ.

ಹೋಗದೆ ಇದ್ದರಾಯಿತು, ಯಾರು ಬಂದು ಎಳೆದೊಯ್ಯುತ್ತಾರೆ ಎಂದು ಯಜಮಾನರು ಹೇಳಿದರು. ಸರಿಯೆನಿಸಿತು. ಒಂದು ಶನಿವಾರ ಊಟ ಮುಗಿಸಿ ಚಾಪೆ ಹಾಸಿ ಮಲಗಿದೆ. ಕಣ್ಣು ಹತ್ತಿತ್ತೋ ಇಲ್ಲವೋ, ಬಾಗಿಲಲ್ಲಿ ವಿಸಿಲ್ ಸದ್ದು. ಎದ್ದು ನೋಡಿದರೆ ಜಗಲಿಯ ಮೇಲೆ ದಳಕ್ಕೆ ದಳವೇ ಸಾಲಾಗಿ ನಿಂತಿದೆ. "ನೀವು ಬರ್ಲಿಲ್ಲ, ಅದಕ್ಕೆ ನಾವೇ ಬಂದ್ವಿ ಅಜ್ಜಿ. ರೋಡ್ ದಾಟೋವಾಗ ಎಲ್ರೂ ಕೈ ಹಿಡ್ಕೊಂಡಿದ್ವಿ" ಎಂದು ವರದಿ ಬೇರೆ. ಮಾನಸಳಿಗೆ ನಾನು ಕೊಟ್ಟದ್ದು ಒಂದೇ ಒಂದು ಮಾತು, ಮಕ್ಕಳು ರೋಡಿಗೆ ಹೋಗದ ಹಾಗೆ ನೋಡಿಕೊಳ್ಳುತ್ತೇನೆ ಎಂದು. ಯಜಮಾನರು ಒಳಗಿನಿಂದ "ಮಹಾನಂದಾ, ನಿನ್ ಪೊಲೀಸ್ ಫೋರ್ಸು ಮನೆಗೇ ಬಂತಲ್ಲೇ, ಕಾಫಿಗಿಡು" ಎಂದು ನಕ್ಕರು. ಅವತ್ತಿನಿಂದ ಒಂದು ಶನಿವಾರವೂ ತಪ್ಪಿಸಿಲ್ಲ. ಹೀಗೆ ಹೊರಗಿನ ಬಾಗಿಲಿಗೆ ನೀವು ಬೀಗ ಹಾಕಿದಿರಿ, ಒಳಗಿನದಕ್ಕೆ ಆ ಮಕ್ಕಳು ಹಾಕಿದರು.

ಇನ್ನು ನಾನು ಅನರ್ಹಳಾದ ಕಥೆ. ಅದಕ್ಕೆ ನೀವೇ ಸಾಕ್ಷಿ. ಮಳೆಗಾಲ ಮುಗಿಯುವ ಹೊತ್ತಿಗೆ ದಳ ನೋಡಲು ಬಂದಿರಿ. ಮಕ್ಕಳು ಸುತ್ತುಗಟ್ಟಿ ನಿಂತಿದ್ದರು. ಮೂರು ಬೆರಳೆತ್ತಿ ಸೆಲ್ಯೂಟ್ ಮಾಡಿದೆವು. ಅದು ನನಗೆ ಸುಲಭವಾಗಿ ಬಂದಿತ್ತು. ದಿನವೂ ವಿಭೂತಿ ಹಚ್ಚಿಕೊಳ್ಳುವ ಮೂರು ಬೆರಳೇ ಅಲ್ಲವೇ? ಆಮೇಲೆ ನೀವು ನೇರ ನನ್ನ ಬಳಿ ಬಂದು ಎಡಗೈ ಚಾಚಿದಿರಿ. ನಿಮ್ಮಲ್ಲಿ ಎಡಗೈ ಕುಲುಕುವುದೇ ಪದ್ಧತಿ, ಅದು ಹೃದಯದ ಕಡೆಯ ಕೈ ಎಂದು ಮಾನಸ ಹೇಳಿದ್ದಳು. ಮಕ್ಕಳು ತಮ್ಮತಮ್ಮಲ್ಲಿ ಕುಲುಕುತ್ತಾರೆ, ನನಗೆ ಮಾತ್ರ ಕೈ ಮುಗಿಯುತ್ತಾರೆ. ನಾನು ನಿಮಗೂ ಎರಡೂ ಕೈ ಜೋಡಿಸಿದೆ. ನಿಮ್ಮ ಕೈ ಗಾಳಿಯಲ್ಲೇ ಉಳಿಯಿತು.

ಅದು ಅಹಂಕಾರವಲ್ಲ, ಮಾನ್ಯರೇ. ನಮ್ಮ ಹಳ್ಳಿಯಲ್ಲಿ ಎಡಗೈಯಲ್ಲಿ ಒಂದು ಲೋಟ ನೀರು ಕೊಟ್ಟರೂ ಎದುರಿನವರು ಮುಖ ನೋಡುತ್ತಾರೆ. ಪೂಜೆಗೆ ಕೂತರೆ ನನ್ನ ಇಷ್ಟಲಿಂಗ ಬಂದು ಕೂರುವುದೂ ಅದೇ ಎಡ ಅಂಗೈಯ ಮೇಲೆ. ಒಂದು ಕಡೆಯಿಂದ ನೋಡಿದರೆ ಯಾರಿಗೂ ಕೊಡಬಾರದಷ್ಟು ಕೀಳು, ಇನ್ನೊಂದು ಕಡೆಯಿಂದ ಯಾರಿಗೂ ಕೊಡಲಾಗದಷ್ಟು ಮೇಲು. ಈ ಎರಡರ ನಡುವೆ ಸಿಕ್ಕಿಕೊಂಡು ನಾನು ಕೈ ಮುಗಿದೆ. ನೀವು ಮಕ್ಕಳೆದುರಿಗೇ ಅಂದಿರಿ: "ಏನಮ್ಮಾ, ಲೀಡರ್‌ಗೇ ಶೇಕ್‌ಹ್ಯಾಂಡ್ ಬರಲ್ಲ ಅಂದ್ರೆ ಮಕ್ಕಳಿಗೆ ಏನ್ ಕಲಿಸ್ತೀರಾ?"

ಸುತ್ತಿನಲ್ಲಿ ನಿಂತಿದ್ದ ಲಾವಣ್ಯಾ ಎಂಬ ಹುಡುಗಿ ಬಾಯಿ ಹಾಕಿದಳು. "ಮೇಡಂ, ಅಜ್ಜಿ ಆ ಕೈಲಿ ದೇವ್ರು ಕೂತ್ಕೋತಾನೆ. ಅಲ್ಲಿ ಜಾಗ ಇಲ್ಲ."

ಮಕ್ಕಳು ನಕ್ಕರು. ನೀವು ನಗಲಿಲ್ಲ. ಸ್ವಲ್ಪ ದಿನಕ್ಕೇ ಆ ಎರಡು ವಾಕ್ಯದ ಪತ್ರ ಬಂತು.

ನನ್ನ ಮರ್ಯಾದೆಯ ಮಾತಾಗಿದ್ದರೆ ಇದನ್ನು ನುಂಗಿಕೊಂಡು ಸುಮ್ಮನಿರುತ್ತಿದ್ದೆ. ಆದರೆ ಈ ಪತ್ರದ ಪೆಟ್ಟು ಬಿದ್ದದ್ದು ಲಾವಣ್ಯಾಳ ಮೇಲೆ. ಅವಳ ತಾಯಿ ದ್ರೌಪದಮ್ಮ ಗಾಂಧಿ ಬಜಾರಿನಲ್ಲಿ ತರಕಾರಿ ಮಾರುತ್ತಾರೆ. ಹುಡುಗಿ ಪ್ರತಿ ಶನಿವಾರ ಎಲ್ಲರಿಗಿಂತ ಮೊದಲೇ ಬಂದು ಅಂಗಳ ಗುಡಿಸಿಟ್ಟಿರುತ್ತಾಳೆ. ಉಳಿದವರ ಕೊರಳಲ್ಲಿ ಸ್ಕಾರ್ಫ್ ಇದೆ, ಮಾನಸ ಇದ್ದಾಗಲೇ ಅವರ ಪ್ರತಿಜ್ಞೆ ಆಗಿತ್ತು. ಲಾವಣ್ಯಾ ಆಮೇಲೆ ಸೇರಿದವಳು, ಹೊಸ ನಾಯಕಿ ಬಂದು ಬೋಧಿಸಲಿ ಎಂದು ನಾನೂ ಕಾಯುತ್ತಿದ್ದೆ. ಪ್ರತಿಜ್ಞೆಯಾಗದೆ ಸ್ಕಾರ್ಫ್ ಇಲ್ಲ. ಬುಲ್‌ಬುಲ್‌ಗಳಿಗೆ ಒಂದು ಅಭ್ಯಾಸವುಂಟು. ಬೆಳಿಗ್ಗೆ ಸ್ಕಾರ್ಫಿನ ತುದಿಗೆ ಗಂಟು ಹಾಕಿಕೊಳ್ಳಬೇಕು, ಅವತ್ತು ಯಾರಿಗಾದರೂ ಒಂದು ಉಪಕಾರ ಮಾಡಿದ ಮೇಲೆ ಬಿಚ್ಚಬೇಕು. ಸ್ಕಾರ್ಫ್ ಇಲ್ಲದವಳು ಏನು ಮಾಡಬೇಕು? ದ್ರೌಪದಮ್ಮ ಒಂದು ದಿನ ನನ್ನನ್ನು ಬಜಾರಿನಲ್ಲೇ ತಡೆದರು.

"ಮಾನಂದಮ್ಮೋರೇ, ಇದೇನ್ ಕಲಿಸಿದೀರಾ ನನ್ ಮಗಳಿಗೆ? ದಿನಾ ನನ್ ಸೆರಗಿಗೆ ಗಂಟ್ ಹಾಕ್ತಾಳೆ. ನಾನು ಕಾಸಿಟ್ಟಿದೀನೇನೋ ಅಂತ ಬಿಚ್ಚಿ ನೋಡಿದ್ರೆ ಖಾಲಿ!"

"ಬಿಚ್ಚಬೇಡ ಕಣಮ್ಮ. ಅದನ್ನ ಅವಳೇ ಬಿಚ್ಚಬೇಕು."

"ಹಂಗಂತಾನೇ ಅವಳೂ ಜಗಳ ಆಡ್ತಾಳೆ. ಆ ಬಟ್ಟೆ ತುಂಡು ಅವಳ ಕುತ್ತಿಗೆಗೇ ಕಟ್ಬಿಡ್ರಮ್ಮ, ನನ್ ಸೆರಗು ಉಳೀಲಿ."

ಕಟ್ಟುವ ಅಧಿಕಾರ ನನಗಿಲ್ಲವೆಂದು ಹೇಗೆ ಹೇಳಲಿ? ಈ ವರ್ಷ ಕಾರ್ತಿಕದ ಕಡೆಯ ಸೋಮವಾರ, ಕಡಲೆಕಾಯಿ ಪರಿಷೆಯ ದಿನವೇ ಲಾವಣ್ಯಾಳಿಗೆ ಹತ್ತು ತುಂಬುತ್ತದೆ. ಹತ್ತು ತುಂಬಿದವಳು ಬುಲ್‌ಬುಲ್ ಆಗುವಂತಿಲ್ಲ, ಇದು ನಿಮ್ಮದೇ ನಿಯಮ. ಆಮೇಲೆ ಗೈಡ್ಸ್‌ಗೆ ಸೇರಲಿ ಎನ್ನುತ್ತೀರಿ. ಅವಳ ಶಾಲೆಯಲ್ಲಿ ಗೈಡ್ಸ್ ಇಲ್ಲ. ಪ್ರತಿಜ್ಞೆ ಬೋಧಿಸುವ ಅರ್ಹರು ನಿಮ್ಮ ಹತ್ತಿರ ಇದ್ದಾರೆ, ಅವರು ಬರುವುದಿಲ್ಲ. ನಾನು ಇಲ್ಲಿದ್ದೇನೆ, ನಾನು ಅರ್ಹಳಲ್ಲ. ನಮ್ಮಿಬ್ಬರ ನಡುವೆ ಒಂದು ಮಗುವಿನ ವಯಸ್ಸು ಮೀರಿ ಹೋಗುತ್ತಿದೆ. ನನ್ನ ಕೈ ನಿಮಗೆ ಸಿಗಲಿಲ್ಲವೆಂದು ಶಿಕ್ಷೆ ಯಾರಿಗೆ ಕೊಟ್ಟಿರಿ?

ನಿಮ್ಮ ಪತ್ರ ಬಂದ ಶನಿವಾರ, ಈ ಸಲವೂ ಪ್ರತಿಜ್ಞೆ ಇಲ್ಲವೆಂದು ಮಕ್ಕಳಿಗೆ ತಿಳಿಸಿದೆ. ಎಲ್ಲರೂ ಮನೆಗೆ ಹೋದರು. ಲಾವಣ್ಯಾ ಬಾವುಟದ ಕಂಬದ ಬಳಿಯೇ ನಿಂತಿದ್ದಳು. ಅಳುತ್ತಾಳೆಂದು ಹತ್ತಿರ ಹೋದೆ. ಅವಳು ನನ್ನ ಮುಖ ನೋಡಿ, ನಾನೇ ಅಳುತ್ತೇನೆಂದುಕೊಂಡಳೋ ಏನೋ, "ಹೋಗ್ಲಿ ಬಿಡಿ ಅಜ್ಜಿ. ಪ್ರತಿಜ್ಞೆ ಆಗ್ದಿದ್ರೂ ನಾನು ಬಂದು ಗುಡಿಸ್ಬೋದಲ್ವಾ?" ಎನ್ನುತ್ತಾ ಎಡಗೈ ಚಾಚಿದಳು. ಅಭ್ಯಾಸಬಲದಿಂದ ಚಾಚಿದಳೋ, ಬೇಕೆಂದೇ ಚಾಚಿದಳೋ ತಿಳಿಯದು. ನನ್ನ ಎಡಗೈ ನನ್ನನ್ನು ಕೇಳದೆ ಹೋಗಿ ಆ ಪುಟ್ಟ ಕೈಯನ್ನು ಹಿಡಿದುಕೊಂಡಿತ್ತು. ಸಂಜೆ ಸ್ನಾನ ಮಾಡಿ ಅಳುಕುತ್ತಲೇ ಪೂಜೆಗೆ ಕೂತೆ. ನನ್ನ ಶಿವ ಎಂದಿನಂತೆ ಅದೇ ಅಂಗೈಯ ಮೇಲೆ ಬಂದು ಕೂತ. ಏನೂ ಅನ್ನಲಿಲ್ಲ. ಅವನಿಗಿಲ್ಲದ ಆಕ್ಷೇಪಣೆ ನನಗೇಕೆ?

ಆದ್ದರಿಂದ ಈಗ ನಿಮಗೂ ಎಡಗೈ ಕೊಡಬಲ್ಲೆ. ಮೊದಲು ಕೊಟ್ಟದ್ದು ನಿಮಗಲ್ಲ, ಅಷ್ಟೇ.

ನನ್ನ ಬೇಡಿಕೆ ಇಷ್ಟು. ಪರಿಷೆಗೆ ಮುಂಚಿನ ಶನಿವಾರ ಮಧ್ಯಾಹ್ನ ನೀವು ಬನ್ನಿ, ಇಲ್ಲವೇ ಅರ್ಹರಾದ ಯಾರನ್ನಾದರೂ ಕಳಿಸಿ. ಲಾವಣ್ಯಾಳ ಪ್ರತಿಜ್ಞೆ ಮುಗಿಸಿ, ಅವಳ ಕೊರಳಿಗೆ ಸ್ಕಾರ್ಫ್ ಕಟ್ಟಿ. ಆಮೇಲೆ ನನ್ನ ವಿಚಾರ. ಅನರ್ಹಳೆಂದರೆ ಬಿಡುಗಡೆ ಮಾಡಿ, ನನ್ನ ಜಾಗಕ್ಕೆ ಒಬ್ಬರನ್ನು ತಂದು ನಿಲ್ಲಿಸಿ. ಮುಂದುವರಿಯತಕ್ಕದ್ದು ಎಂದರೆ ಏಳನೇ ಕ್ಲಾಸಿನವಳನ್ನೇ ತರಬೇತಿಗೆ ಕೂರಿಸಿ. ಎರಡನ್ನೂ ಒಂದೇ ಕಾಗದದಲ್ಲಿ ಬರೆದು ಮತ್ತೆ ಕಳಿಸಬೇಡಿ.

ನೀವು ಬರದಿದ್ದರೆ? ಬರದಿದ್ದರೂ ಅವತ್ತು ನಾವು ಸೇರುತ್ತೇವೆ. ಲಾವಣ್ಯಾಳಿಗೆ ಪ್ರತಿಜ್ಞೆ ಪೂರ್ತಿ ಬಾಯಿಪಾಠವಾಗಿದೆ. ದೇವರಿಗೂ ದೇಶಕ್ಕೂ ತನ್ನ ಕರ್ತವ್ಯವನ್ನು ಕೈಲಾದಷ್ಟು ಮಾಡುತ್ತೇನೆಂದು ಅವಳು ಹೇಳುತ್ತಾಳೆ. ನಾನು ಬೋಧಿಸುವುದಿಲ್ಲ, ಅಪ್ಪಣೆ ಮೀರುವುದಿಲ್ಲ. ಎದುರಿಗೆ ನಿಂತು ಕೇಳುತ್ತೇನೆ. ಕೇಳುವುದಕ್ಕೂ ಅರ್ಹತೆ ಬೇಕೆಂದು ನಿಮ್ಮ ಎರಡು ವಾಕ್ಯಗಳಲ್ಲಿ ಎಲ್ಲೂ ಬರೆದಿಲ್ಲ. ದ್ರೌಪದಮ್ಮನವರನ್ನೂ ಬರಹೇಳಿದ್ದೇನೆ. ಯಜಮಾನರು ಅಂಗಡಿಯಿಂದ ಒಂದು ತುಂಡು ಬಟ್ಟೆ ಹರಿದುಕೊಟ್ಟಿದ್ದಾರೆ. ಅದನ್ನು ಮಗಳ ಕೊರಳಿಗೆ ಕಟ್ಟಲು ತಾಯಿಗೆ ಯಾವ ಕಚೇರಿಯ ಅಪ್ಪಣೆಯೂ ಬೇಡ. ಅದು ನಿಮ್ಮ ಲೆಕ್ಕಕ್ಕೆ ಸ್ಕಾರ್ಫ್ ಅಲ್ಲ ಎಂದು ನನಗೂ ಗೊತ್ತು, ಲಾವಣ್ಯಾಳಿಗೂ ಗೊತ್ತು. ಅದಕ್ಕೇ ಹೇಳುತ್ತಿದ್ದೇನೆ, ಬನ್ನಿ.

ಇದಕ್ಕಾಗಿ ನನ್ನನ್ನು ಕಿತ್ತುಹಾಕಿದರೆ ಹಾಕಿ. ಇಷ್ಟು ಕಾಲ ನಾನು ಕೇಳುತ್ತಿದ್ದುದೂ ಅದನ್ನೇ ಅಲ್ಲವೇ? ಆದರೆ ಆ ಕಾಗದವನ್ನು ನನಗೆ ಅಂಚೆಯಲ್ಲಿ ಕಳಿಸಬೇಡಿ. ಶನಿವಾರ ನೀವೇ ತಂದು, ಸುತ್ತುಗಟ್ಟಿ ನಿಂತ ಆ ಮಕ್ಕಳಿಗೆ ಓದಿ ಹೇಳಿ. ಮುಂದಿನ ವಾರ ಅಜ್ಜಿ ಬರುವುದಿಲ್ಲ ಎನ್ನುವ ಆ ಒಂದು ಮಾತು ನನ್ನ ಬಾಯಿಂದ ಹೊರಡುವುದಿಲ್ಲ. ಮನೆಯಲ್ಲಿ ಒಬ್ಬಳೇ ಹೇಳಿ ನೋಡಿಕೊಂಡಿದ್ದೇನೆ, ಆಗಲಿಲ್ಲ.

ಇಂತಿ,
ಬಿಡಿಸಿಕೊಳ್ಳಲೂ ಆಗದ, ಬಿಟ್ಟುಹೋಗಲೂ ಆಗದ
ತಮ್ಮ ಹಾಲಿ ವ್ಯವಸ್ಥೆ,
ಮಹಾನಂದ
ಶಂಕರಪುರಂ