ಬೀಗ ಹಾಕದ ಏಣಿ

ಪ್ರಿಯ ಗುನ್ವೋರ್,

ನಾನು ಕ್ಷೇಮ. ದೋಣಿಯ ಮೇಲಿದ್ದೇನೆ, ಇಳಿಯಲು ಆಗುತ್ತಿಲ್ಲ. ಚಳಿಗಾಲಕ್ಕೆಂದು ದಡದಲ್ಲಿ ಎತ್ತಿ ನಿಲ್ಲಿಸಿದ ದೋಣಿ, ಕೆಳಗೆ ಹೆಪ್ಪುಗಟ್ಟಿದ ನೆಲ. ಒಳಗೆ ಕೂತು ಕಿಟಕಿಯ ಚೌಕಟ್ಟು ಉಜ್ಜುತ್ತಿದ್ದಾಗ ಯಾರೋ ಏಣಿ ಎತ್ತಿಕೊಂಡು ಹೋಗಿದ್ದಾರೆ.

ಪಕ್ಕದ ದೋಣಿಯ ಸಿಕ್ಸ್ಟೆನ್‌ನನ್ನು ಕೂಗಿ ಅವನ ಏಣಿ ಕೇಳಿದೆ. "ಕಳ್ಳರು ಹತ್ತಬಾರ್ದು, ಬೀಗ ಹಾಕದ ಏಣಿ ಕಂಡ್ರೆ ಕಾವಲಿನವರು ಹೊತ್ಕೊಂಡು ಹೋಗ್ಬೇಕು ಅಂತ ದೋಣಿ ಕ್ಲಬ್ಬಲ್ಲಿ ಮೇಜು ಗುದ್ದಿ ನಿಯಮ ಮಾಡಿಸಿದ್ದು ಯಾರಪ್ಪಾ? ನಾನು ನಂದಕ್ಕೆ ಬೀಗ ಹಾಕಿದೀನಿ, ತೆಗೆಯಲ್ಲ ಮಾರಾಯ" ಅಂದ. ಈ ಪತ್ರ ತಲುಪಿಸಲು ಮಾತ್ರ ಒಪ್ಪಿದ್ದಾನೆ. ನನ್ನ ಫೋನು ಮನೆಯಲ್ಲಿ ನಮ್ಮ ಮಂಚದ ಮೇಲೆ, ನಾನು ಅಂಟು ಹಾಕಿ ಮಲಗಿಸಿದ ಚುಕ್ಕಾಣಿಯ ಪಕ್ಕದಲ್ಲೇ ಉಳಿದಿದೆ.

ಚುಕ್ಕಾಣಿಯ ವಿಷಯ ಹೇಳಬೇಕೆಂದರೆ, ಚಳಿಯಲ್ಲಿ ಅಂಟು ಗಟ್ಟಿಯಾಗುವುದಿಲ್ಲ. ಅದಕ್ಕೆ ಬೆಚ್ಚಗಿನ ಹಾಸಿಗೆಯೇ ಬೇಕಿತ್ತು. ನಿನ್ನ ಜಡೆಯೂ ಅಂಟಿಕೊಳ್ಳಬಹುದೆಂದು ಅಂಟಿನ ಡಬ್ಬದ ಮೇಲೆ ಎಲ್ಲೂ ಬರೆದಿರಲಿಲ್ಲ.

ದಡದ ದೋಣಿಗಳನ್ನು ಕಾಯುವ ಇವತ್ತಿನ ಸರದಿ ನಮ್ಮ ಮನೆಯದು. ನನಗೆ ಕೆಲಸವಿದೆ, ನೀನೇ ಹೋಗು ಎಂದವನು ನಾನು. ಆದ್ದರಿಂದ ಏಣಿ ಒಯ್ದವರು ಯಾರೆಂದು ಕೇಳುವುದಿಲ್ಲ. ದುರ್ಬೀನಿನಲ್ಲಿ ನಮ್ಮ ಅಡುಗೆಮನೆ ಚೆನ್ನಾಗಿ ಕಾಣುತ್ತದೆ. ಪ್ರತಿ ಚಳಿಗಾಲವೂ ನಾನು ಬಣ್ಣ ಹೊಡೆಯುತ್ತೇನೆಂದು ಹೇಳುತ್ತಾ ಬಂದ ಗೋಡೆಗೆ ಏಣಿ ಒರಗಿದೆ. ಪಕ್ಕದಲ್ಲೊಂದು ನೀಲಿ ಬಣ್ಣದ ಡಬ್ಬ, ಅದರ ಮೇಲೆ ಕುಂಚ.

ಅರ್ಥವಾಯಿತು. ಒಪ್ಪಿದ್ದೇನೆ. ಏಣಿ ಕಳಿಸು.

ನಿನ್ನವನೇ ಆದ,
ಟೋರ್ಕೆಲ್

ತಾ.ಕ.: ಆ ನೀಲಿ ಡಬ್ಬ ಗೋಡೆಯದಲ್ಲ, ದೋಣಿಗೆಂದು ನಾನು ಬಚ್ಚಿಟ್ಟದ್ದು. ದಯವಿಟ್ಟು ಮುಚ್ಚಳ ತೆಗೆಯಬೇಡ. ಗುನ್ವೋರ್, ನೀನು ಮುಚ್ಚಳ ತೆಗೆಯುತ್ತಿರುವುದು ಇಲ್ಲಿಂದ ಕಾಣುತ್ತಿದೆ.